ಪಿಸ್ಟನ್ ತಳಕ್ಕೆ ಎಣ್ಣೆಯ ಧಾರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಸ್ಟನ್ನಿಗೆ ಕೆಳಗಿನಿಂದ ಎಣ್ಣೆ ಚಿಮ್ಮಿಸಿ ತಂಪು ಮಾಡುವ ಜೆಟ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಲೆಕ್ಕ ಹಾಕಿರುವಲ್ಲೆಲ್ಲ ಒಂದೇ ಮಾದರಿ ಇಟ್ಟುಕೊಂಡಿದ್ದೇವೆ: ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್, 1.8 ಮಿ.ಮೀ. ತೂತಿನ ನಾಜಲ್, ಗ್ಯಾಲರಿಯಲ್ಲಿ (ಬ್ಲಾಕಿನೊಳಗೆ ಎಣ್ಣೆ ಹರಿಯುವ ಮುಖ್ಯ ದಾರಿ) 3 ಬಾರ್ ಒತ್ತಡ, 15ಡಬ್ಲ್ಯು-40 ಎಣ್ಣೆ. ನಿಮ್ಮ ಎಂಜಿನ್ನಿನ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

ಪ್ರಶ್ನೆ: ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಬಿಚ್ಚಿದಾಗ ಪ್ರತಿ ಸಿಲಿಂಡರಿನ ಕೆಳಗೂ ಬಾಗಿದ ಸಣ್ಣ ಪೈಪ್ ಕಂಡಿತು. ಕ್ರ್ಯಾಂಕ್ ತಿರುಗುವಾಗ ಎಣ್ಣೆ ಹೇಗೂ ಎಲ್ಲ ಕಡೆ ಸಿಡಿಯುತ್ತದಲ್ಲ, ಮತ್ತೆ ಇದೇಕೆ?
— ಕಾರು ಮಾಲೀಕರು, ಮೈಸೂರು

ಸಿಡಿಯುವ ಎಣ್ಣೆ ಲೈನರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ) ಗೋಡೆ ಒದ್ದೆಯಾಗಿರಲು ಸಾಕು. ಶಾಖ ಹೊತ್ತೊಯ್ಯಲು ಸಾಲದು.

ಪಿಸ್ಟನ್ನಿನ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ ಸುಮಾರು 577 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ತೊಡಗುತ್ತದೆ. ಆದರೆ ಅಪಾಯ ಶುರುವಾಗುವುದು ಅದಕ್ಕಿಂತ ಬಹಳ ಮೊದಲು. 250 ಡಿಗ್ರಿ ದಾಟಿದರೆ ಲೋಹದ ಬಲ ಬೇಗ ಬೇಗ ಇಳಿಯುತ್ತದೆ. ಡೀಸೆಲ್ ಪಿಸ್ಟನ್ನಿನ ತಲೆಯ ಮೇಲಿರುವ ಬಟ್ಟಲಿನ ಅಂಚು 350 ಡಿಗ್ರಿಯ ಆಸುಪಾಸಿಗೆ ಹೋದರೆ ಬಿರುಕು ಬಿಡುವ ಕಾಲ ಹತ್ತಿರ ಬಂತು ಎಂದೇ ಲೆಕ್ಕ. ಮೊದಲ ರಿಂಗ್ ಕೂರುವ ತೋಡು 230-240 ಡಿಗ್ರಿಗಿಂತ ಮೇಲೇರಿದರೆ ಎಣ್ಣೆ ಅಲ್ಲೇ ಬೆಂದು ಕಾರ್ಬನ್ ಆಗುತ್ತದೆ, ರಿಂಗ್ ಹಿಡಿದುಕೊಳ್ಳುತ್ತದೆ.

ಜೆಟ್ ಇಲ್ಲದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಶಾಖ ಹೊರಹೋಗುವ ಮುಖ್ಯ ದಾರಿ ಒಂದೇ: ರಿಂಗಿನಿಂದ ಲೈನರಿಗೆ, ಲೈನರಿನಿಂದ ನೀರಿಗೆ. ಟರ್ಬೊ ಹಾಕಿ ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆದಾಗ ಆ ದಾರಿ ಇಕ್ಕಟ್ಟಾಗುತ್ತದೆ. ಜೆಟ್ ತೆರೆಯುವುದು ಎರಡನೆಯ ದಾರಿಯನ್ನು. ನಮ್ಮ ಮಾದರಿ ನಾಜಲ್ ನಿಮಿಷಕ್ಕೆ 3.3 ಲೀಟರ್ ಬಿಡುತ್ತದೆ. ಆ ಎಣ್ಣೆ ಪಿಸ್ಟನ್ನಿಗೆ ತಾಗಿ 20 ಡಿಗ್ರಿ ಬಿಸಿಯಾಗಿ ಕೆಳಗೆ ಬಿದ್ದರೂ ಸುಮಾರು 1.9 ಕಿಲೋವ್ಯಾಟ್ ಶಾಖ ಹೊತ್ತುಕೊಂಡು ಬಂದ ಹಾಗೆ. ನಾಲ್ಕು ಸಿಲಿಂಡರಿಗೆ ಏಳೂವರೆ ಕಿಲೋವ್ಯಾಟ್ ದಾಟುತ್ತದೆ. ಅಷ್ಟೂ ಶಾಖ ಚೇಂಬರಿಗೆ ಬರುತ್ತದೆಯಾದ್ದರಿಂದಲೇ ಇಂಥ ಎಂಜಿನ್ನುಗಳಿಗೆ ಪ್ರತ್ಯೇಕ ಆಯಿಲ್ ಕೂಲರ್ ಕೊಟ್ಟಿರುತ್ತಾರೆ. ಕೂಲರ್ ಕಟ್ಟಿಕೊಂಡಿದೆ ಎಂದು ಬೈಪಾಸ್ ಮಾಡಿಸುವವರು ಈ ಲೆಕ್ಕ ನೋಡಬೇಕು.

ಪ್ರಶ್ನೆ: ನಾಜಲ್‌ನಿಂದ ಹೊರಡುವ ಎಣ್ಣೆಯ ವೇಗ ಎಷ್ಟು? ಪಿಸ್ಟನ್ ಮೇಲಕ್ಕೆ ಓಡುವಾಗ ಎಣ್ಣೆ ಅದನ್ನು ಹಿಡಿಯಬಲ್ಲದೇ? ಧಾರೆ ದಾರಿಯಲ್ಲಿ ಒಡೆಯುವುದಿಲ್ಲವೇ? ಪ್ರಾಜೆಕ್ಟಿಗೆ ಈ ವಿಷಯ ಆರಿಸಿಕೊಳ್ಳುವ ಯೋಚನೆಯಿದೆ.
— ಮೆಕ್ಯಾನಿಕಲ್ ವಿದ್ಯಾರ್ಥಿ, ತುಮಕೂರು

ಒಳ್ಳೆಯ ವಿಷಯ. ಲೆಕ್ಕ ಕಾಗದದ ಮೇಲೆ ಮುಗಿಯುತ್ತದೆ, ಕಷ್ಟ ಇರುವುದು ಕೊನೆಯ ಪ್ರಶ್ನೆಯಲ್ಲಿ.

ವೇಗ ಮೊದಲು. ಒತ್ತಡವನ್ನು ಎರಡರಿಂದ ಗುಣಿಸಿ, ಸಾಂದ್ರತೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 3 ಬಾರ್ ಎಂದರೆ 3,00,000 ಪಾಸ್ಕಲ್. ಬಿಸಿ ಎಣ್ಣೆಯ ಸಾಂದ್ರತೆ ಘನ ಮೀಟರಿಗೆ 830 ಕಿಲೋ ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 27 ಮೀಟರ್ ಬರುತ್ತದೆ. ಇದು ನಷ್ಟವೇ ಇಲ್ಲದ ನಾಜಲ್‌ನ ವೇಗ. ನಿಜವಾದ ನಾಜಲ್‌ನಲ್ಲಿ ಒಳದಾರಿಯ ಅಂಚು, ಬಾಗು, ಗೋಡೆಯ ಎಳೆತ ಎಲ್ಲ ಸೇರಿ 0.8ರಷ್ಟು ಗುಣಾಂಕ ಹಾಕಿದರೆ ಸೆಕೆಂಡಿಗೆ 21.5 ಮೀಟರ್. ಅದನ್ನು 1.8 ಮಿ.ಮೀ. ತೂತಿನ ವಿಸ್ತೀರ್ಣದಿಂದ ಗುಣಿಸಿದರೆ ಮೇಲೆ ಹೇಳಿದ 3.3 ಲೀಟರ್ ಸಿಗುತ್ತದೆ. ಇಲ್ಲಿ ಒತ್ತಡ ವರ್ಗಮೂಲದೊಳಗೆ ಕೂತಿದೆ ಎಂಬುದನ್ನು ಗಮನಿಸಿ. ಒತ್ತಡ ಅರ್ಧವಾದರೆ ಧಾರೆಯ ವೇಗ ಅರ್ಧವಾಗುವುದಿಲ್ಲ, ಶೇ 70ಕ್ಕೆ ಇಳಿಯುತ್ತದೆ.

ಈಗ ಪಿಸ್ಟನ್. 90 ಮಿ.ಮೀ. ಸ್ಟ್ರೋಕಿನ ಎಂಜಿನ್ 4000 ಆರ್‌ಪಿಎಂನಲ್ಲಿ ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. ಸ್ಟ್ರೋಕಿನ ನಡುಭಾಗದ ಸುಮಾರಿಗೆ ಅದು 19-20 ಮೀಟರ್ ಮುಟ್ಟುತ್ತದೆ. ಧಾರೆಯ ವೇಗ 21.5. ಎಂದರೆ ಮೇಲೇರುವ ಪಿಸ್ಟನ್ನಿನ ಹಿಂದೆ ಧಾರೆ ಸೆಕೆಂಡಿಗೆ ಒಂದೆರಡು ಮೀಟರಿನ ಅಂತರದ ವೇಗದಲ್ಲಿ ತೆವಳುತ್ತಿರುತ್ತದೆ. ಇಳಿಯುವಾಗ ಎರಡೂ ವೇಗ ಕೂಡಿ 40 ಮೀಟರಿನಲ್ಲಿ ಡಿಕ್ಕಿಯಾಗುತ್ತದೆ. ಒತ್ತಡ 2 ಬಾರ್‌ಗೆ ಇಳಿದರೆ ಧಾರೆಯ ವೇಗ ಹದಿನೇಳೂವರೆ ಆಗುತ್ತದೆ. ಆಗ ಮೇಲೇರುವ ಹೊತ್ತಿನ ಒಂದು ತುಂಡಿನಲ್ಲಿ ಪಿಸ್ಟನ್ನಿಗೆ ಹೊಸ ಎಣ್ಣೆ ಮುಟ್ಟುವುದೇ ಇಲ್ಲ.

ಹಾಗೆಂದು ಆ ಎಣ್ಣೆ ಕಳೆದುಹೋಗುವುದಿಲ್ಲ. ಗುರಿ ಸರಿಯಿದ್ದರೆ ಈಗ ಮುಟ್ಟದ್ದು ಪಿಸ್ಟನ್ ಇಳಿಯುವಾಗ ಮುಟ್ಟುತ್ತದೆ, ಸರಾಸರಿ ಸರಿದೂಗುತ್ತದೆ. ಮೇಲ್ತುದಿಯಲ್ಲಿರುವ ಪಿಸ್ಟನ್ ನಾಜಲ್‌ನಿಂದ 150 ಮಿ.ಮೀ. ದೂರವಿದ್ದರೆ ಅಷ್ಟು ದಾಟಲು ಧಾರೆಗೆ 7 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 4000 ಆರ್‌ಪಿಎಂನ ಕ್ರ್ಯಾಂಕ್ ಹತ್ತಿರ ಹತ್ತಿರ 170 ಡಿಗ್ರಿ ತಿರುಗಿರುತ್ತದೆ. ನಾಜಲ್ ಬಿಟ್ಟಾಗ ಪಿಸ್ಟನ್ ಎಲ್ಲಿತ್ತೋ ಎಣ್ಣೆ ತಲುಪುವಾಗ ಅಲ್ಲಿರುವುದಿಲ್ಲ. ಸಿಮ್ಯುಲೇಶನ್ ಮಾಡುವವರು ಪಿಸ್ಟನ್ನನ್ನು ಒಂದು ಕಡೆ ನಿಲ್ಲಿಸಿ ಲೆಕ್ಕ ಹಾಕಿದರೆ ಉತ್ತರ ತಪ್ಪುವುದು ಇಲ್ಲೇ.

ಇನ್ನು ಧಾರೆ ಒಡೆಯುವ ಮಾತು. 15ಡಬ್ಲ್ಯು-40 ಎಣ್ಣೆಯ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ, ಅದರ ದಪ್ಪ) 40 ಡಿಗ್ರಿಯಲ್ಲಿ ಸುಮಾರು 110 ಸೆಂಟಿಸ್ಟೋಕ್ಸ್, 100 ಡಿಗ್ರಿಯಲ್ಲಿ 14-15. ಅದೇ 21.5 ಮೀಟರ್ ವೇಗಕ್ಕೆ ರೆನಾಲ್ಡ್ಸ್ ಸಂಖ್ಯೆ (ಹರಿವು ನುಣುಪೋ ಪ್ರಕ್ಷುಬ್ಧವೋ ಎಂದು ತಿಳಿಸುವ ಅಂಕಿ) ತೆಗೆದರೆ ತಣ್ಣಗಿನ ಎಣ್ಣೆಗೆ 350, ಬಿಸಿ ಎಣ್ಣೆಗೆ 2,600ರಿಂದ 2,700. ಎಣ್ಣೆ 120 ಡಿಗ್ರಿಗೆ ಹೋದರೆ 4,000. ಅಂದರೆ ತಣ್ಣಗಿರುವಾಗ ಧಾರೆ ಗಾಜಿನ ಕಡ್ಡಿಯಷ್ಟು ನುಣುಪು. ಎಂಜಿನ್ ಪೂರ್ತಿ ಬಿಸಿಯಾಗಿ ಜೆಟ್ ನಿಜಕ್ಕೂ ಬೇಕಾಗುವ ಹೊತ್ತಿಗೆ ಹರಿವು ಪದರು ಬಿಟ್ಟು ಪ್ರಕ್ಷುಬ್ಧವಾಗುವ ಗಡಿಯಲ್ಲಿರುತ್ತದೆ. ಮೇಲ್ಮೈ ಸುಕ್ಕುಗಟ್ಟುತ್ತದೆ, ಧಾರೆ ದಪ್ಪಗಾಗುತ್ತದೆ, ಅಂಚಿನಿಂದ ಹನಿಗಳು ಕಳಚಿಕೊಳ್ಳುತ್ತವೆ. ಕ್ರ್ಯಾಂಕ್ ಕಡೆದು ಎಬ್ಬಿಸುವ ಗಾಳಿ ಆ ಹನಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಧಾರೆಯ ನಡುವಿನ ದಿಂಡಿಗೆ ಆ ಗಾಳಿ ಅಷ್ಟಾಗಿ ತಾಗದು.

ನಾಜಲ್‌ನ ಬಾಗು ಇನ್ನೊಂದು ತೊಂದರೆ. ಪೈಪು ತಿರುಗುವಲ್ಲಿ ಎಣ್ಣೆಯೊಳಗೆ ಜೋಡಿ ಸುಳಿಗಳು ಹುಟ್ಟುತ್ತವೆ. ಬಾಗು ಮುಗಿದ ಕೂಡಲೇ ತುದಿ ಬಂದುಬಿಟ್ಟರೆ ಸುಳಿಗಳು ಆರದೆ ಧಾರೆಯ ಜತೆ ಹೊರಬರುತ್ತವೆ, ಧಾರೆ ಚಪ್ಪಟೆಯಾಗುತ್ತದೆ, ಇಲ್ಲವೇ ತೂತಿನ ದಿಕ್ಕು ಬಿಟ್ಟು ವಾಲುತ್ತದೆ. ತುದಿಯಲ್ಲಿ ತೂತಿನ ವ್ಯಾಸದ ನಾಲ್ಕೈದು ಪಟ್ಟಾದರೂ ನೇರ ಭಾಗ ಬೇಕು, ಹೊರಬಾಯಿಯ ಅಂಚು ಚೂಪಾಗಿ ಶುದ್ಧವಾಗಿರಬೇಕು ಎನ್ನುವುದು ಇದಕ್ಕೇ.

ಪ್ರಶ್ನೆ: ಪಿಸ್ಟನ್ನಿನೊಳಗೇ ಎಣ್ಣೆ ಸುತ್ತುವ ಕಾಲುವೆ ಇರುತ್ತದೆ ಎನ್ನುತ್ತಾರೆ. ಅದು ಯಾವಾಗಲೂ ತುಂಬಿರಬೇಕೇ?
— ಪಾಲಿಟೆಕ್ನಿಕ್ ಬೋಧಕರು, ಗದಗ

ತುಂಬಿರಬಾರದು. ಇದು ಹಲವರಿಗೆ ವಿಚಿತ್ರವೆನಿಸುತ್ತದೆ.

ಪಿಸ್ಟನ್ ಎರಕ ಹೊಯ್ಯುವಾಗ ಉಪ್ಪಿನ ಬಳೆಯೊಂದನ್ನು ಅಚ್ಚಿನೊಳಗೆ ಇಟ್ಟು, ಆಮೇಲೆ ನೀರಿನಲ್ಲಿ ಕರಗಿಸಿ ತೆಗೆದರೆ ರಿಂಗ್ ಕೂರುವ ತೋಡಿನ ಹಿಂದೆ ಸುತ್ತುಗಾಲುವೆ ಉಳಿಯುತ್ತದೆ. ಇದಕ್ಕೂ ಗ್ಯಾಲರಿ ಎಂದೇ ಹೆಸರು. ಬ್ಲಾಕಿನ ಆಯಿಲ್ ಗ್ಯಾಲರಿಯೊಂದಿಗೆ ಗೊಂದಲವಾಗದಿರಲೆಂದು ಇಲ್ಲಿ ಸುತ್ತುಗಾಲುವೆ ಎಂದೇ ಬರೆಯುತ್ತೇವೆ. ಒಂದು ಕಡೆ ಒಳದಾರಿಯ ತೂತು, ಎದುರು ಕಡೆ ಹೊರದಾರಿ. ಜೆಟ್ ಒಳದಾರಿಗೆ ಗುರಿ ಇಟ್ಟಿರುತ್ತದೆ.

ಅರ್ಧ ತುಂಬಿದ ಬಾಟಲಿಯನ್ನು ಕುಲುಕಿದರೆ ಮಜ್ಜಿಗೆ ಮೇಲೆ ಕೆಳಗೆ ಬಡಿದಾಡುತ್ತದೆ. ಪೂರ್ತಿ ತುಂಬಿದ್ದರೆ ಕುಲುಕಿದರೂ ಒಳಗೆ ಏನೂ ನಡೆಯದು. ಸುತ್ತುಗಾಲುವೆಯಲ್ಲೂ ಅಷ್ಟೇ. 30ರಿಂದ 60 ಪ್ರತಿಶತ ಎಣ್ಣೆ, ಉಳಿದದ್ದು ಗಾಳಿ ಇದ್ದಾಗ ಪಿಸ್ಟನ್ ಮೇಲಿನ ತುದಿಗೆ ಹೋಗಿ ತಿರುಗುವಾಗ ಎಣ್ಣೆ ಕಾಲುವೆಯ ಮಾಡಿಗೆ ಅಪ್ಪಳಿಸುತ್ತದೆ, ಕೆಳತುದಿಯಲ್ಲಿ ನೆಲಕ್ಕೆ. ಆ ಬಡಿತ ಗೋಡೆಗೆ ಅಂಟಿ ಬಿಸಿಯಾದ ಎಣ್ಣೆಯ ಪದರನ್ನು ಪ್ರತಿ ಸುತ್ತಿಗೂ ಕಿತ್ತೆಸೆಯುತ್ತದೆ. ಕಡಿಮೆ ತುಂಬಿದರೆ ಬಡಿಯಲು ಎಣ್ಣೆಯಿಲ್ಲ, ಹೆಚ್ಚು ತುಂಬಿದರೆ ಬಡಿಯಲು ಜಾಗವಿಲ್ಲ.

ಉಕ್ಕಿನ ಪಿಸ್ಟನ್ ಹಾಕಿದ ಭಾರಿ ವಾಹನಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಉಕ್ಕು ಶಾಖ ಸಾಗಿಸುವುದು ಪಿಸ್ಟನ್ ಅಲ್ಯೂಮಿನಿಯಮ್ಮಿನ ಮೂರನೇ ಒಂದು ಪಾಲಿನಷ್ಟು. ತಲೆಯ ಶಾಖ ರಿಂಗಿನವರೆಗೆ ಹರಡಿ ಹೋಗುವುದನ್ನು ಕಾಯುವಂತಿಲ್ಲ, ಎಣ್ಣೆಯೇ ಬಂದು ತೆಗೆದುಕೊಂಡು ಹೋಗಬೇಕು. ಸುತ್ತುಗಾಲುವೆ ಇಲ್ಲದೆ ಬರಿ ತಳಕ್ಕೆ ಚಿಮ್ಮಿಸುವ ಸಾದಾ ಪಿಸ್ಟನ್ನುಗಳೂ ಇವೆ. ಅಲ್ಲಿ ಧಾರೆ ತುಸು ಅಗಲವಾದರೂ ನಡೆಯುತ್ತದೆ. ಸುತ್ತುಗಾಲುವೆಗೆ ಆ ರಿಯಾಯಿತಿ ಇಲ್ಲ.

ಪ್ರಶ್ನೆ: ನಾಲ್ಕು ಸಿಲಿಂಡರ್ ಎಂಜಿನ್ ಪೂರ್ತಿ ಓವರ್‌ಹಾಲ್ ಆಯಿತು. ಹೊಸ ಪಿಸ್ಟನ್, ಹೊಸ ಲೈನರ್. ಸ್ವಲ್ಪ ದಿನದಲ್ಲೇ ಮೂರನೇ ಪಿಸ್ಟನ್ ಮಾತ್ರ ಉಜ್ಜಿ ಹಿಡಿಯಿತು. ಆಯಿಲ್ ಪ್ರೆಷರ್ ಸರಿಯಾಗಿದೆ, ನೀರು ಕುದ್ದಿಲ್ಲ. ಎಲ್ಲಿ ನೋಡಬೇಕು?
— ಗ್ಯಾರೇಜ್ ನಡೆಸುವವರು, ದಾವಣಗೆರೆ

ನಾಲ್ಕೂ ಹೋಗಿದ್ದರೆ ಪಂಪು, ಎಣ್ಣೆ, ಕೂಲರ್, ನೀರು ಎಂದು ಹುಡುಕಬೇಕಿತ್ತು. ಒಂದೇ ಹೋಗಿದೆ ಎಂದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ಕಾರಣ: ನಾಜಲ್, ಇಂಜೆಕ್ಟರ್, ಇಲ್ಲವೇ ಫಿಟ್ಟಿಂಗ್. ಪ್ರೆಷರ್ ಮೀಟರ್ ನಂಬಿ ನಾಜಲ್ ಬಿಡಬೇಡಿ. ಒಂದು ನಾಜಲ್ ಪೂರ್ತಿ ಕಟ್ಟಿದರೂ ಮೀಟರ್ ಇಳಿಯುವುದಿಲ್ಲ, ಕೂದಲೆಳೆಯಷ್ಟು ಏರಬಹುದು.

ಮೊದಲು ಪಿಸ್ಟನ್ನುಗಳನ್ನು ಸಾಲಾಗಿ ಬೋರಲು ಇಟ್ಟು ತಳ ನೋಡಿ. ಮೂರನೆಯದರ ತಳ ಮಾತ್ರ ಕಪ್ಪಗೆ ವಾರ್ನಿಷ್ ಬಳಿದಂತಿದ್ದು ಉಳಿದವು ತಿಳಿಯಾಗಿದ್ದರೆ ಅಲ್ಲಿಗೆ ಎಣ್ಣೆ ತಲುಪಿಲ್ಲ. ತಳ ನಾಲ್ಕರದ್ದೂ ಒಂದೇ ಬಣ್ಣ, ಆದರೆ ಮೂರನೆಯದರ ತಲೆಯಲ್ಲಿ ಸಿಂಪರಣೆಯ ಒಂದು ದಿಕ್ಕಿಗೆ ಮಾತ್ರ ಲೋಹ ತಿಂದುಹೋಗಿದೆ ಎಂದಾದರೆ ಇಂಜೆಕ್ಟರ್ ಸೋರುತ್ತಿದೆ. ನಾಜಲ್ ಬದಲಿಸಿ ಪ್ರಯೋಜನವಿಲ್ಲ.

ನಾಜಲ್ ಕಡೆ ಅನುಮಾನ ಬಂದರೆ ನಮ್ಮ ಪ್ರಕಾರ ಈ ಕ್ರಮದಲ್ಲಿ ಹುಡುಕಿ.

ಪಿಸ್ಟನ್ ತಿರುಗಾಮುರುಗಾ ಕೂತಿದೆಯೇ? ತಲೆಯ ಮೇಲಿನ ಬಾಣ ಟೈಮಿಂಗ್ ಕಡೆಗಿರಬೇಕು (ಟೈಮಿಂಗ್ ಗೇರ್ ಅಥವಾ ಚೈನ್ ಇರುವ ತುದಿ), ಅಥವಾ ಆ ಎಂಜಿನ್ನಿನ ಮ್ಯಾನುಯಲ್ ಹೇಳಿದ ಕಡೆಗೆ. ಉಲ್ಟಾ ಕೂತರೆ ಸುತ್ತುಗಾಲುವೆಯ ಒಳದಾರಿ ಎದುರು ಬದಿಗೆ ಹೋಗುತ್ತದೆ, ಧಾರೆ ಬರಿ ಲೋಹಕ್ಕೆ ಬಡಿದು ವಾಪಸಾಗುತ್ತದೆ. ಸ್ಕರ್ಟಿನಲ್ಲಿ (ರಿಂಗುಗಳ ಕೆಳಗಿನ ಪಿಸ್ಟನ್ ಗೋಡೆ) ನಾಜಲ್‌ಗೆಂದು ಕಚ್ಚು ಇದ್ದರೆ ಆ ಕಚ್ಚೂ ತಪ್ಪಿ ಸ್ಕರ್ಟ್ ನಾಜಲ್‌ಗೆ ತಗುಲಿ ಬಾಗಿಸುತ್ತದೆ. ಬೇರೆ ಕಂಪನಿಯ ಪಿಸ್ಟನ್ ಸೆಟ್ ತಂದಿದ್ದರೆ ಒಳದಾರಿಯ ಜಾಗ ಹಳೆಯದಕ್ಕೆ ತಾಳೆಯಾಗುತ್ತದೆಯೇ ಎಂದು ಅಕ್ಕಪಕ್ಕ ಇಟ್ಟು ನೋಡಿ.

ನಾಜಲ್ ಬಾಗಿದೆಯೇ? ಪಿಸ್ಟನ್ ಇಳಿಸುವಾಗ ಕನೆಕ್ಟಿಂಗ್ ರಾಡಿನ ಬಾಯಿ ಅಥವಾ ಬೋಲ್ಟು ನಾಜಲ್ ತುದಿಗೆ ತಾಗುವುದು ತೀರಾ ಸಾಮಾನ್ಯ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು. ಲೆಕ್ಕ ನೋಡಿ: 150 ಮಿ.ಮೀ. ದೂರದಲ್ಲಿ ಒಂದು ಡಿಗ್ರಿ ವಾಲಿದರೆ ಧಾರೆ 2.6 ಮಿ.ಮೀ. ಸರಿಯುತ್ತದೆ. ಒಳದಾರಿಯ ತೂತು 6 ಮಿ.ಮೀ., ಧಾರೆ 1.8 ಮಿ.ಮೀ. ದಪ್ಪ ಇದ್ದರೆ ಸುತ್ತ ಉಳಿಯುವ ಸಲಿಗೆ 2.1 ಮಿ.ಮೀ. ಮಾತ್ರ. ಒಂದು ಡಿಗ್ರಿಯಲ್ಲಿ ಧಾರೆಯ ಒಂದು ಭಾಗ ಹೊರಗೆ. ಕೆಳತುದಿಯಲ್ಲಿ ಪಿಸ್ಟನ್ ಹತ್ತಿರವಿರುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ತಪ್ಪುವುದು ಮೇಲ್ತುದಿಯಲ್ಲಿ. ಬಾಗಿದ ನಾಜಲನ್ನು ಇಕ್ಕಳದಿಂದ ತಿದ್ದಬೇಡಿ, ಬದಲಿಸಿ. ರಾಡ್ ಇಳಿಸುವ ಮೊದಲೇ ನಾಜಲ್ ಬಿಚ್ಚಿಟ್ಟು ಆಮೇಲೆ ಹಾಕಲು ಬರುವ ಎಂಜಿನ್ನಾದರೆ ಹಾಗೇ ಮಾಡಿ.

ಗುರಿ ನೋಡಲು ನಾಜಲ್ ತೂತಿಗೆ ಸಲೀಸಾಗಿ ಹೋಗುವ, ಆದರೆ ಅಲ್ಲಾಡದ ನೇರ ತಂತಿ ಬೇಕು. 1.8ರ ತೂತಿಗೆ 1.7ರ ತಂತಿ. ಪಿಸ್ಟನ್ ಕೆಳಗಿರುವಾಗಲೂ ಮೇಲಿರುವಾಗಲೂ ತಂತಿಯ ತುದಿ ಒಳದಾರಿಯ ನಡುವಿಗೆ ಹೋಗಬೇಕು. ನೋಡಿದ ಮೇಲೆ ತಂತಿ ತೆಗೆಯಲು ಮರೆಯಬೇಡಿ. ಕ್ರ್ಯಾಂಕ್ ತಿರುಗಿಸುವ ಮೊದಲು ತೆಗೆಯದಿದ್ದರೆ ಅದೇ ನಾಜಲನ್ನು ಬಾಗಿಸುತ್ತದೆ.

ಕಟ್ಟಿದೆಯೇ? ಚೇಂಬರ್ ಕೂರಿಸುವಾಗ ಧಾರಾಳವಾಗಿ ಹಚ್ಚಿದ ಸಿಲಿಕೋನ್ ಪೇಸ್ಟು ಒಳಕ್ಕೆ ಉಬ್ಬಿ, ತುಂಡಾಗಿ, ಪಂಪಿನ ಜಾಲರಿಗೆ ಬರುತ್ತದೆ. ಫಿಲ್ಟರ್ ದಾಟಿದ ಮೇಲಿನ ದಾರಿಯಲ್ಲಿ, ಕೂಲರ್ ಜೋಡಣೆಯಲ್ಲೋ ಫಿಲ್ಟರ್ ಹೌಸಿಂಗಿನಲ್ಲೋ ಪೇಸ್ಟ್ ಹಚ್ಚಿದ್ದರೆ ಅದು ನೇರ ನಾಜಲ್‌ಗೇ ಹೋಗುತ್ತದೆ. ಬೋರಿಂಗ್ ಮಾಡಿಸಿದ ಬ್ಲಾಕಿನ ಗ್ಯಾಲರಿ ಪ್ಲಗ್ ಬಿಚ್ಚಿ ಬ್ರಷ್ ಹಾಕಿ ತೊಳೆಯದಿದ್ದರೆ ಹೋನಿಂಗ್ (ಸಿಲಿಂಡರಿನ ಒಳಗೋಡೆ ಕಲ್ಲಿನಿಂದ ಉಜ್ಜುವ ಕೆಲಸ) ಪುಡಿಯೂ ಅಲ್ಲಿಗೇ. ನಾಜಲ್ ಶುಚಿ ಮಾಡಲು ಸೀಮೆಎಣ್ಣೆ, ತೂತಿಗಿಂತ ಸಣ್ಣ ನೈಲಾನ್ ಎಳೆ, ಕಂಪ್ರೆಸರ್ ಗಾಳಿ ಸಾಕು. ಉಕ್ಕಿನ ಪಿನ್ನು, ಡ್ರಿಲ್ ಬಿಟ್ಟು ಬೇಡ. ಹೊರಬಾಯಿಯಲ್ಲಿ ಒಂದು ಗೀರು ಬಿದ್ದರೂ ಧಾರೆ ಅತ್ತ ತಿರುಗುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಹೊರಗೆ ಕಾಣುವ ಪೈಪೇ ಇಲ್ಲ, ಮೇನ್ ಬೇರಿಂಗ್ ಕೂರುವ ಜಾಗದಲ್ಲೇ ಜೆಟ್ ಕೂರಿಸಿರುತ್ತಾರೆ. ಕಮಿನ್ಸ್ 6ಬಿಟಿಯ ಹಳೆಯ ಮಾದರಿಗಳು ಈ ಬಗೆಯವು. ಅಲ್ಲಿ ಮೇಲಿನ ಬೇರಿಂಗ್ ಶೆಲ್ಲಿನಲ್ಲಿ (ಬೇರಿಂಗಿನ ಅರ್ಧವೃತ್ತದ ಹೋಳು) ಜೆಟ್‌ಗೆಂದು ಹೆಚ್ಚುವರಿ ತೂತಿರುತ್ತದೆ. ತೂತಿಲ್ಲದ ಶೆಲ್ ಹಾಕಿದರೆ ಅಥವಾ ಮೇಲಿನದು ಕೆಳಗಿನದು ಅದಲುಬದಲಾದರೆ ಜೆಟ್ ಹುಟ್ಟುವಲ್ಲೇ ಮುಚ್ಚಿಹೋಗುತ್ತದೆ.

ಎಲ್ಲ ಜೋಡಿಸಿದ ಮೇಲೆ, ಚೇಂಬರ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಆಯಿಲ್ ಪ್ರೆಷರ್ ಸ್ವಿಚ್ಚಿನ ತೂತಿಗೆ ಪೈಪು ಸಿಕ್ಕಿಸಿ, ಒತ್ತಡ ತಡೆಯುವ ಡಬ್ಬಿಯಿಂದ 3 ಬಾರ್‌ನಲ್ಲಿ ಎಣ್ಣೆ ಕೊಡಿ, ಕೆಳಗೆ ಅಗಲವಾದ ತಟ್ಟೆ ಇಡಿ. ನಾಲ್ಕೂ ಧಾರೆ ಒಂದೇ ದಪ್ಪದಲ್ಲಿ ನೆಟ್ಟಗೆ ಏಳಬೇಕು. ಒಂದು ಬಡಕಲಾಗಿದ್ದರೆ, ವಾಲಿದರೆ, ಬೀಸಣಿಗೆಯಂತೆ ಹರಡಿದರೆ ಅಲ್ಲೇ ಕಾಣುತ್ತದೆ. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಕೌಂಟರ್‌ವೇಟ್ (ಕ್ರ್ಯಾಂಕಿನ ಸಮತೂಕದ ತುಂಡು) ಮತ್ತು ಸ್ಕರ್ಟ್ ನಾಜಲ್‌ಗೆ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ನಾಜಲ್ ಬೋಲ್ಟಿಗೆ ಮ್ಯಾನುಯಲ್ ಹೇಳಿದ ಟಾರ್ಕ್ ಮಾತ್ರ. ಹಲವು ಎಂಜಿನ್ನುಗಳಲ್ಲಿ ಅದು ಟೊಳ್ಳು ಬೋಲ್ಟು, ಎಣ್ಣೆ ಅದರೊಳಗಿಂದಲೇ ಬರುತ್ತದೆ. ಬಲ ಹಾಕಿದರೆ ಕತ್ತು ಮುರಿಯುತ್ತದೆ. ಹಳೆಯ ಬೋಲ್ಟ್ ಸಿಗಲಿಲ್ಲವೆಂದು ಗಟ್ಟಿ ಬೋಲ್ಟ್ ಹಾಕಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ನಾಜಲ್ ತೂತನ್ನು 1.8ರಿಂದ 2.2 ಮಿ.ಮೀ.ಗೆ ದೊಡ್ಡದು ಮಾಡಿದರೆ ಪಿಸ್ಟನ್ ಇನ್ನಷ್ಟು ತಂಪಾಗುವುದಿಲ್ಲವೇ?
— ಲೇತ್ ಕೆಲಸದವರು, ಹುಬ್ಬಳ್ಳಿ

ಮಾಡಬೇಡಿ. ವಿಸ್ತೀರ್ಣ ಒಂದೂವರೆ ಪಟ್ಟಾಗುತ್ತದೆ. ಒತ್ತಡ ಹಾಗೇ ಉಳಿದರೆ ಒಂದೊಂದೂ 3.3ರ ಬದಲು 4.9 ಲೀಟರ್ ಬಿಡುತ್ತದೆ, ನಾಲ್ಕಕ್ಕೆ ನಿಮಿಷಕ್ಕೆ ಆರೂವರೆ ಲೀಟರ್ ಹೆಚ್ಚುವರಿ. ಆ ಎಣ್ಣೆಯನ್ನು ಪಂಪು ಎಲ್ಲಿಂದ ತರಬೇಕು? ಮೊದಲು ರಿಲೀಫ್ ವಾಲ್ವಿನಿಂದ (ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ವಾಪಸ್ ಬಿಡುವ ವಾಲ್ವ್) ವಾಪಸಾಗುತ್ತಿದ್ದ ಪಾಲು ಮುಗಿಯುತ್ತದೆ, ಆಮೇಲೆ ಗ್ಯಾಲರಿ ಒತ್ತಡವೇ ಇಳಿಯುತ್ತದೆ. ಒತ್ತಡ ಇಳಿದರೆ ಧಾರೆ ನಿಧಾನ, ಬೇರಿಂಗು ಮತ್ತು ಟರ್ಬೊಗೆ ಎಣ್ಣೆ ಕಡಿಮೆ. ಇತ್ತ ಸುತ್ತುಗಾಲುವೆ ಅತಿಯಾಗಿ ತುಂಬಿ ಬಡಿತ ಮಂಕಾಗುತ್ತದೆ, ಹೊರಚೆಲ್ಲಿದ್ದು ಲೈನರಿಗೆ ಹೋಗಿ ಎಣ್ಣೆ ಉರಿಯತೊಡಗುತ್ತದೆ. ಹೆಚ್ಚು ಸುರಿಸಿ ತಂಪು ಕಡಿಮೆ ಮಾಡಿಕೊಂಡಂತಾಯಿತು.

ಪ್ರಶ್ನೆ: ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಲೈಟ್ ಮಿನುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಬೇರಿಂಗು, ಪಂಪು ಎರಡೂ ಹೊಸದು.
— ಟ್ರ್ಯಾಕ್ಟರ್ ಮೆಕ್ಯಾನಿಕ್, ಸಿಂಧನೂರು

ನಾಜಲ್ ಬುಡದ ವಾಲ್ವ್ ನೋಡಿ. ಸಾಮಾನ್ಯವಾಗಿ ಸ್ಪ್ರಿಂಗಿನ ಮೇಲೆ ಕೂತ ಒಂದು ಗುಂಡು. ಒತ್ತಡ ಒಂದೂವರೆಯಿಂದ ಎರಡು ಬಾರ್ ಆದ ಮೇಲೆಯೇ ತೆರೆಯಬೇಕು. ಐಡಲ್‌ನಲ್ಲಿ ಪಿಸ್ಟನ್ನಿಗೆ ತಂಪು ಬೇಕಿಲ್ಲ, ಇರುವ ಎಣ್ಣೆ ಬೇರಿಂಗಿಗೆ ಸಿಗಲಿ ಎಂದು ಈ ಏರ್ಪಾಡು. ಕಸ ಸಿಕ್ಕಿ ಗುಂಡು ತೆರೆದೇ ಉಳಿದರೆ 1 ಬಾರ್‌ನಲ್ಲೂ ಒಂದು ನಾಜಲ್ ನಿಮಿಷಕ್ಕೆ 1.9 ಲೀಟರ್ ಚೆಲ್ಲುತ್ತದೆ. ನಾಲ್ಕೂ ತೆರೆದುಕೊಂಡರೆ ಏಳೂವರೆ ಲೀಟರ್. ಐಡಲ್‌ನಲ್ಲಿ ಪಂಪು ಕೊಡುವುದರಲ್ಲಿ ಇದು ದೊಡ್ಡ ಪಾಲು.

ಮೇಲೆ ಹೇಳಿದ ಡಬ್ಬಿ ಪರೀಕ್ಷೆಯನ್ನೇ 1 ಬಾರ್‌ನಲ್ಲಿ ಮಾಡಿ. ಹನಿ ಬಿದ್ದರೆ ಚಿಂತೆಯಿಲ್ಲ, ಧಾರೆ ಎದ್ದರೆ ಆ ನಾಜಲ್ ಬದಲಿಸಿ. ಬಿಚ್ಚಿದ ನಾಜಲ್‌ನ ಗುಂಡನ್ನು ಹಿತ್ತಾಳೆ ಕಡ್ಡಿಯಿಂದ ಒತ್ತಿದರೆ ಒಳಹೋಗಿ ತಾನಾಗಿ ವಾಪಸ್ ಬರಬೇಕು. ಸ್ಪ್ರಿಂಗ್ ಎಳೆದು ಉದ್ದ ಮಾಡುವ ಉಪಾಯ ಬೇಡ. ತೆರೆಯುವ ಒತ್ತಡ ಏರಿ ಭಾರ ಎಳೆಯುವಾಗ ಜೆಟ್ ಬಾರದೆ ಹೋದೀತು. ಕೆಲವು ಎಂಜಿನ್ನುಗಳಲ್ಲಿ ನಾಲ್ಕಕ್ಕೂ ಸೇರಿ ಒಂದೇ ವಾಲ್ವ್ ಇರುತ್ತದೆ. ಹೊಸ ಎಂಜಿನ್ನುಗಳಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆಳುವ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಬಂದಿದೆ. ಎಂಜಿನ್ ತಣ್ಣಗಿರುವಾಗ ಜೆಟ್ ಮುಚ್ಚಿಟ್ಟು ಪಿಸ್ಟನ್ ಬೇಗ ಬಿಸಿಯಾಗಲು ಬಿಡುವುದು ಅದರ ಉದ್ದೇಶ; ಅರೆಬೆಂದ ಇಂಧನದ ಹೊಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ಮಂಗಳೂರಿನಿಂದ ಲೋಡು ಹೇರಿಕೊಂಡು ಶಿರಾಡಿ ಹತ್ತುವಾಗ ಮೇಲಿನ ಗೇರಿನಲ್ಲೇ ಎಳೆಸಿದರೆ ಡೀಸೆಲ್ ಉಳಿಯುತ್ತದೆ ಎನ್ನುತ್ತಾರೆ. ಎಂಜಿನ್ನಿಗೆ ತೊಂದರೆಯೇ?
— ಲಾರಿ ಚಾಲಕರು, ಹಾಸನ

ಪಿಸ್ಟನ್ನಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಆಯಿಲ್ ಪಂಪು ಎಂಜಿನ್ನಿನ ಜತೆಗೇ ತಿರುಗುತ್ತದೆ. ಆರ್‌ಪಿಎಂ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಪ್ರತಿ ಸುತ್ತಿನ ಬೆಂಕಿ ಗರಿಷ್ಠ, ಎಣ್ಣೆಯ ಒತ್ತಡ ಕನಿಷ್ಠ. ಎಣ್ಣೆ ಬಿಸಿಯಾಗಿ ತೆಳುವಾಗಿದ್ದರೆ ಒತ್ತಡ ವಾಲ್ವ್ ತೆರೆಯುವ ಮಟ್ಟದ ಹತ್ತಿರಕ್ಕೇ ಇಳಿಯಬಹುದು, ಧಾರೆ ಬಂದರೂ ಸೊರಗಿರುತ್ತದೆ. ಸುತ್ತುಗಾಲುವೆಯೊಳಗಿನ ಬಡಿತವೂ ಪಿಸ್ಟನ್ ವೇಗದ ಜತೆಗೇ ತಗ್ಗುತ್ತದೆ. ಒಂದು ಗೇರ್ ಇಳಿಸಿ, ಮೀಟರಿನ ಹಸಿರು ಪಟ್ಟಿಯ ಮೇಲಿನ ಅರ್ಧದಲ್ಲಿ ಮುಳ್ಳು ನಿಲ್ಲುವಂತೆ ಹತ್ತಿಸಿ.

ಪ್ರಶ್ನೆ: ತೆಳು ಎಣ್ಣೆ ಹಾಕಿದರೆ ಜೆಟ್ ಚೆನ್ನಾಗಿ ಬರುತ್ತದೆಯೇ? ಅರ್ಧ ಲೀಟರ್ ಹೆಚ್ಚಿಗೆ ತುಂಬಿಸಿದರೆ ಒಳ್ಳೆಯದೇ?
— ಟ್ಯಾಕ್ಸಿ ಮಾಲೀಕರು, ಉಡುಪಿ

ಎಂಜಿನ್ ಬಿಸಿಯಾದ ಮೇಲೆ ನಾಜಲ್‌ನಿಂದ ಬರುವ ಪ್ರಮಾಣಕ್ಕೆ ಎಣ್ಣೆ ದಪ್ಪವೋ ತೆಳುವೋ ಎಂಬುದು ಅಷ್ಟಾಗಿ ತಟ್ಟುವುದಿಲ್ಲ, ಒತ್ತಡ ತಟ್ಟುತ್ತದೆ. ತೀರಾ ತೆಳು ಎಣ್ಣೆ ಬೇರಿಂಗುಗಳಲ್ಲಿ ಹೆಚ್ಚು ಸೋರಿ ಆ ಒತ್ತಡವನ್ನೇ ಕೆಡಿಸುತ್ತದೆ. ಕಂಪನಿ ಬರೆದ ಗ್ರೇಡ್ ಬಿಟ್ಟು ಹೋಗಬೇಡಿ.

ಹೆಚ್ಚಿಗೆ ತುಂಬಿಸುವುದು ಖಂಡಿತ ತಪ್ಪು. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿದರೆ ಕ್ರ್ಯಾಂಕಿನ ಕೌಂಟರ್‌ವೇಟ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಗಾಳಿಗುಳ್ಳೆ ಬೆರೆತ ಎಣ್ಣೆ ನಾಜಲ್ ದಾಟಿ ಒತ್ತಡ ಕಳೆದುಕೊಂಡ ಕ್ಷಣ ಗುಳ್ಳೆಗಳು ಹಿಗ್ಗುತ್ತವೆ, ಧಾರೆ ಒಳಗಿನಿಂದಲೇ ಸಿಡಿದು ಚದುರುತ್ತದೆ. ಹೊತ್ತೊಯ್ಯುವ ಶಾಖವೂ ಕಡಿಮೆ, ಏಕೆಂದರೆ ಆ ಲೀಟರಿನಲ್ಲಿ ಒಂದು ಪಾಲು ಬರಿ ಗಾಳಿ. ಎಣ್ಣೆ ಬದಲಿಸುವ ಅವಧಿ ಮೀರಿಸುವುದೂ ಇಂಥದ್ದೇ. ಎಣ್ಣೆಯ ಉಷ್ಣತೆ 10 ಡಿಗ್ರಿ ಏರಿದಂತೆ ಅದು ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ಕೆಟ್ಟ ಎಣ್ಣೆ ಸುತ್ತುಗಾಲುವೆಯ ಗೋಡೆಗೆ ಕಾರ್ಬನ್ ಆಗಿ ಅಂಟಿದರೆ ಅದು ಶಾಖ ತಡೆಯುವ ಹೊದಿಕೆಯಾಗುತ್ತದೆ, ಒಳಗೆ ಬ್ರಷ್ ಹೋಗುವ ಜಾಗವೂ ಅಲ್ಲ.

ಪ್ರಶ್ನೆ: ಬೈಕಿಗೂ ಇದು ಇರುತ್ತದೆಯೇ?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಇರುತ್ತದೆ. 1985ರ ಸುಜುಕಿ ಜಿಎಸ್‌ಎಕ್ಸ್-ಆರ್750 ನೀರಿಲ್ಲದೆ ಗಾಳಿ ಮತ್ತು ಎಣ್ಣೆಯಿಂದಲೇ ತಂಪಾಗುತ್ತಿತ್ತು, ಪಿಸ್ಟನ್ ತಳಕ್ಕೆ ಜೆಟ್ ಇತ್ತು. ಹೆಚ್ಚು ಶಕ್ತಿಯ ಬೈಕುಗಳಲ್ಲಿ ಈಗ ಇದು ಸಾಮಾನ್ಯ. ದಿನಬಳಕೆಯ 100-125 ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ ಅಗತ್ಯ ಬೀಳುವುದಿಲ್ಲ. ಸ್ಪೇರ್ ಪಾರ್ಟ್ಸ್ ಪಟ್ಟಿಯಲ್ಲಿ ಕ್ರ್ಯಾಂಕ್‌ಕೇಸಿನ ಪುಟ ನೋಡಿದರೆ ನಿಮ್ಮದಕ್ಕೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಪ್ರಶ್ನೆ: ನಾಜಲ್ ತಯಾರಿಸುವ ಸಣ್ಣ ಘಟಕ ನಮ್ಮದು. ಎಣ್ಣೆಯನ್ನು 100 ಡಿಗ್ರಿಗೆ ಕಾಯಿಸದೆ ಧಾರೆ ಪರೀಕ್ಷಿಸಲು ಆಗುತ್ತದೆಯೇ?
— ಪೀಣ್ಯ, ಬೆಂಗಳೂರು

ಆಗುತ್ತದೆ. ಧಾರೆಯ ನಡತೆ ತೀರ್ಮಾನವಾಗುವುದು ಎಣ್ಣೆಯ ಬಿಸಿಯಿಂದಲ್ಲ, ಆ ಬಿಸಿಯಲ್ಲಿ ಅದರ ಸ್ನಿಗ್ಧತೆ ಎಷ್ಟು ಎಂಬುದರಿಂದ. ವಿಜಿ 10 ದರ್ಜೆಯ ಸ್ಪಿಂಡಲ್ ಎಣ್ಣೆ 40 ಡಿಗ್ರಿಯಲ್ಲಿ 10 ಸೆಂಟಿಸ್ಟೋಕ್ಸ್, 30 ಡಿಗ್ರಿಯಲ್ಲಿ 14ರ ಸುಮಾರು. ಅದು 100 ಡಿಗ್ರಿಯ 15ಡಬ್ಲ್ಯು-40ಕ್ಕೆ ಸಾಕಷ್ಟು ಹತ್ತಿರ. ಮೇಲ್ಮೈ ಸೆಳೆತದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತಣ್ಣಗಿನ 15ಡಬ್ಲ್ಯು-40 ಹಾಕಿ ಪರೀಕ್ಷಿಸಿದರೆ ಮಾತ್ರ ಕೆಟ್ಟ ನಾಜಲ್ ಕೂಡ ಪಾಸಾಗುತ್ತದೆ, ಏಕೆಂದರೆ ದಪ್ಪ ಎಣ್ಣೆ ಎಲ್ಲ ದೋಷ ಮುಚ್ಚಿಕೊಳ್ಳುತ್ತದೆ.

ಸಣ್ಣ ಗೇರ್ ಪಂಪು, ಒತ್ತಡ ಹೊಂದಿಸುವ ವಾಲ್ವು, 10 ಮೈಕ್ರಾನ್ ಫಿಲ್ಟರು, ನಾಜಲ್ ಬುಡಕ್ಕೆ ಆದಷ್ಟು ಹತ್ತಿರ ಮೀಟರು. ನಾಜಲನ್ನು ಎಂಜಿನ್ನಿನಲ್ಲಿ ಕೂರುವ ಕೋನದಲ್ಲೇ, ಅದರದೇ ಡೋವೆಲ್ ಪಿನ್ನಿಗೆ (ಜಾಗ ತಪ್ಪದಂತೆ ಹಿಡಿಯುವ ಗೂಟ) ಕೂರಿಸಿ. ಮೇಲೆ ಒಂದು ತಟ್ಟೆ, ಅದರಲ್ಲಿ ಸುತ್ತುಗಾಲುವೆಯ ಒಳದಾರಿಯ ಅಳತೆಯ ತೂತು. ತಟ್ಟೆಯನ್ನು ಪಿಸ್ಟನ್ನಿನ ಕೆಳತುದಿಯ ಎತ್ತರಕ್ಕೂ ಮೇಲ್ತುದಿಯ ಎತ್ತರಕ್ಕೂ ಸರಿಸಲು ಬರಬೇಕು. 30 ಸೆಕೆಂಡು ಬಿಟ್ಟು ತೂತು ದಾಟಿದ್ದನ್ನೂ ದಾಟದ್ದನ್ನೂ ಬೇರೆ ಬೇರೆ ಅಳೆಯಿರಿ. ಒಟ್ಟು 1.65 ಲೀಟರಿನಲ್ಲಿ 1.4 ದಾಟಿದ್ದರೆ ಹಿಡಿತ 85 ಪ್ರತಿಶತ. ಒಟ್ಟು ಪ್ರಮಾಣವೊಂದನ್ನೇ ಅಳೆದು ಸೀಲ್ ಹಾಕುವ ಪದ್ಧತಿ ಸಾಲದು. ವಾಲಿದ ನಾಜಲೂ ಹರಡುವ ನಾಜಲೂ ಅಷ್ಟೇ ಲೀಟರ್ ಕೊಡುತ್ತವೆ.

ಎರಡು ಎತ್ತರದ ಹಿಡಿತವನ್ನು ಹೋಲಿಸಿ ನೋಡುವುದರಲ್ಲಿ ದೋಷದ ಗುರುತಿದೆ. ಕೆಳಗೆ ಚೆನ್ನಾಗಿದ್ದು ಮೇಲೆ ಬಿದ್ದರೆ, ತಟ್ಟೆಯನ್ನು ಮೇಲಿನ ಎತ್ತರದಲ್ಲೇ ಇಟ್ಟು ಒಂದೆರಡು ಮಿ.ಮೀ. ಪಕ್ಕಕ್ಕೆ ಸರಿಸಿ. ಹಿಡಿತ ಮರಳಿ ಬಂದರೆ ಧಾರೆ ಚೆನ್ನಾಗಿದೆ, ಪೈಪು ಬಾಗಿಸಲು ಬಳಸುವ ಫಿಕ್ಸ್ಚರ್ (ಹಿಡಿದಿಡುವ ಸಾಧನ) ತಪ್ಪಿದೆ. ಯಾವ ಕಡೆ ಸರಿಸಿದರೂ ಬಾರದಿದ್ದರೆ ಧಾರೆಯೇ ಒಡೆದಿದೆ. ಹೊರಬಾಯಿಯ ಬರ್ (ಅಂಚಿನಲ್ಲಿ ಉಳಿದ ಲೋಹದ ಎಳೆ), ಒಳಬಾಯಿಯ ಚೇಂಫರ್ (ಓರೆಯಾಗಿ ಕತ್ತರಿಸಿದ ಅಂಚು), ತುದಿಯ ನೇರ ಭಾಗದ ಉದ್ದ, ಈ ಮೂರನ್ನು ನೋಡಿ. ಬರ್ ತೆಗೆಯಲು ಎಮರಿ ಹಾಳೆ ಉಜ್ಜಿ ಅಂಚು ದುಂಡಗೆ ಮಾಡಬೇಡಿ, ದುಂಡಾದ ಅಂಚಿಗೆ ಎಣ್ಣೆ ಅಂಟಿಕೊಂಡು ಧಾರೆ ಅತ್ತ ವಾಲುತ್ತದೆ.

ಇಡೀ ವ್ಯವಸ್ಥೆಯನ್ನು ಅಕ್ರಿಲಿಕ್ ಪೆಟ್ಟಿಗೆಯೊಳಗೆ ಮುಚ್ಚಿಡಿ. ತಟ್ಟೆಗೆ ಬಡಿದ ಎಣ್ಣೆ ಮಂಜಾಗಿ ಏಳುತ್ತದೆ, ಅದಕ್ಕೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗ್ರೈಂಡರ್, ವೆಲ್ಡಿಂಗ್ ಆ ಕೋಣೆಯಲ್ಲಿ ಬೇಡ.